ಕಣ್ಣಿಗೆ ಕಾಣದ ಜೀವಲೋಕ: ಕೊಡಗಿನಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಶಾಲಾ ಕಾಲೇಜುಗಳಲ್ಲಿ, ಬೆಳೆಗಾರರ ಸಭೆಗಳಲ್ಲಿ, ಕೆಲವೊಮ್ಮೆ ಮದುವೆಮನೆಯ ಊಟದ ಪಂಕ್ತಿಯಲ್ಲಿಯೂ ಸೂಕ್ಷ್ಮಜೀವಿಗಳ ಕುರಿತು ಜನರು ಕೇಳಿದ ಪ್ರಶ್ನೆಗಳನ್ನು, ಪತ್ರದಲ್ಲಿ ಬಂದವುಗಳ ಜೊತೆಗೆ, ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲಿಯೇ ಇವೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. ಈ ಶಾಸ್ತ್ರವು ಆಸ್ಪತ್ರೆಗೂ ಔಷಧದಂಗಡಿಗೂ ಸೇರಿದ್ದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಅದರ ಮೂಲ ಶೋಧಗಳಲ್ಲಿ ಬಹುಪಾಲು ಅಡುಗೆಮನೆ, ಹೊಲ, ತೋಟ, ಕೆರೆಗಳ ಮುಂದೆ ತಾಳ್ಮೆಯಿಂದ ಕುಳಿತವರಿಗೆ ದಕ್ಕಿದವು ಎಂಬುದನ್ನು ತೋರಿಸಬೇಕೆಂಬುದೇ ಈ ಬರಹದ ಆಸೆ.

## ಆರಂಭದ ಪ್ರಶ್ನೆಗಳು

ಸೂಕ್ಷ್ಮಜೀವಿ ಅಂದರೆ ಬ್ಯಾಕ್ಟೀರಿಯಾ ತಾನೆ ಸರ್? ವೈರಸ್ಸೂ ಅದರಲ್ಲೇ ಬರುತ್ತದಾ?

ಬ್ಯಾಕ್ಟೀರಿಯಾ ಎಂಬುದು ಸೂಕ್ಷ್ಮಜೀವಿಗಳಲ್ಲಿ ಒಂದು ಗುಂಪು ಮಾತ್ರ. ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಮತ್ತು ಮಳೆಗಾಲದಲ್ಲಿ ಚರ್ಮದ ಚಪ್ಪಲಿಯ ಮೇಲೆ ಕಾಣಿಸಿಕೊಳ್ಳುವ ಬೂಸ್ಟು ಶಿಲೀಂಧ್ರಗಳು. ಮಲೇರಿಯಾ ತರುವ ಪ್ಲಾಸ್ಮೋಡಿಯಂ ಪ್ರೋಟೋಜೋವಾ ಗುಂಪಿನದು. ನಿಂತ ನೀರಿಗೆ ಹಸಿರು ಬಣ್ಣ ಕೊಡುವ ಪಾಚಿಗಳಲ್ಲಿ ಅನೇಕವು ಏಕಕೋಶ ಜೀವಿಗಳು. ನೋಡಲು ಬ್ಯಾಕ್ಟೀರಿಯಾದಂತಿದ್ದರೂ ವಂಶದಲ್ಲಿ ಬೇರೆಯಾದ ಆರ್ಕಿಯಾ ಎಂಬ ಗುಂಪೂ ಇದೆ. ವೈರಸ್ಸಿಗೆ ತನ್ನದೇ ಆದ ಜೀವಕೋಶವಿಲ್ಲ. ಇನ್ನೊಂದು ಜೀವಿಯ ಕೋಶವನ್ನು ಹೊಕ್ಕಾಗ ಮಾತ್ರ ಅದು ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳಬಲ್ಲದು. ಹೀಗಾಗಿ ಅದನ್ನು ಜೀವಿ ಎನ್ನಬೇಕೇ ಬೇಡವೇ ಎಂಬ ಚರ್ಚೆ ಇನ್ನೂ ನಡೆದಿದೆ. ಅದರ ಅಧ್ಯಯನ ಮಾತ್ರ ಈ ಶಾಸ್ತ್ರಕ್ಕೇ ಸೇರಿದ್ದು.

ಬರಿಗಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಒಂದೂ ಇಲ್ಲವಾ?

ಇದೆ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಸುಮಾರು 2 ಮೈಕ್ರೋಮೀಟರ್ ಉದ್ದವಿರುವುದರಿಂದ ಒಂದು ಮಿಲಿಮೀಟರಿನಲ್ಲಿ ಅಂಥ 500 ಕೋಶಗಳನ್ನು ಸಾಲಾಗಿ ಇಡಬಹುದು. ಆದರೆ ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ, ನೀರಿನಲ್ಲಿ ಮುಳುಗಿದ್ದ ಮ್ಯಾಂಗ್ರೋವ್ ಎಲೆಗಳ ಮೇಲೆ ಸಿಕ್ಕ ಥಿಯೋಮಾರ್ಗರಿಟಾ ಮ್ಯಾಗ್ನಿಫಿಕಾ ಎಂಬ ಬ್ಯಾಕ್ಟೀರಿಯಾದ ಒಂದೇ ಕೋಶ ಸುಮಾರು 1 ಸೆಂಟಿಮೀಟರ್ ಉದ್ದವಿದೆ. 2022ರಲ್ಲಿ ಇದರ ವಿವರ ಪ್ರಕಟವಾದಾಗ, ಬ್ಯಾಕ್ಟೀರಿಯಾ ಇಷ್ಟು ದೊಡ್ಡದಾಗಿ ಬೆಳೆಯಲಾರದು ಎಂದು ದಶಕಗಳಿಂದ ಕಲಿಸುತ್ತಿದ್ದ ಪಾಠವನ್ನು ತಿದ್ದಬೇಕಾಯಿತು.

ನಮ್ಮ ಮೈಯಲ್ಲಿ ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ಇವೆಯಂತೆ, ನಿಜವಾ?

ಅದು ಹಳೆಯ ಲೆಕ್ಕ. 2016ರಲ್ಲಿ ಪ್ರಕಟವಾದ ಮರುಲೆಕ್ಕದ ಪ್ರಕಾರ ವಯಸ್ಕ ಮನುಷ್ಯನಲ್ಲಿ ಸುಮಾರು 30 ಲಕ್ಷ ಕೋಟಿ ಸ್ವಂತ ಕೋಶಗಳೂ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಕೋಶಗಳೂ ಇವೆ. ಅಂದರೆ ಹೆಚ್ಚುಕಡಿಮೆ ಸರಿಸಮ. ಇಷ್ಟೂ ಬ್ಯಾಕ್ಟೀರಿಯಾಗಳ ಒಟ್ಟು ತೂಕ ಸುಮಾರು 200 ಗ್ರಾಂ.

ಮಕ್ಕಳಿಗೆ ಇದನ್ನೆಲ್ಲ ಕಣ್ಣಾರೆ ತೋರಿಸಬೇಕು. ದೊಡ್ಡ ಲ್ಯಾಬ್ ಬೇಕಾ?

ಬೇಡ. ಮೀರತ್‌ನಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿರುವ ಮನು ಪ್ರಕಾಶ್ ಅವರ ತಂಡವು ಕಾಗದವನ್ನು ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಸೂಕ್ಷ್ಮದರ್ಶಕವನ್ನು 2014ರಲ್ಲಿ ಜಗತ್ತಿಗೆ ಪರಿಚಯಿಸಿತು. ಅದು ವಸ್ತುವನ್ನು ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಶಾಲೆಗಳಲ್ಲಿರುವ ಸಾಮಾನ್ಯ ಸೂಕ್ಷ್ಮದರ್ಶಕ ಇನ್ನೂ ಒಳ್ಳೆಯದು. ಮೊದಲ ದಿನವೇ ಬ್ಯಾಕ್ಟೀರಿಯಾ ಹುಡುಕಲು ಹೊರಟರೆ ಮಕ್ಕಳು ಬೇಸರಪಡುತ್ತಾರೆ. ಗದ್ದೆಯ ಮೂಲೆಯ ನಿಂತ ನೀರಿನ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲಿಟ್ಟರೆ ಚಪ್ಪಲಿಯಾಕಾರದ ಪ್ಯಾರಮೀಸಿಯಂ ಓಡಾಡುವುದು ಹೆಚ್ಚಿನ ಸಲ ಕಾಣುತ್ತದೆ. ಅರೇಬಿಕಾ ಕಾಫಿ ಗಿಡದ ಎಲೆಯ ಅಡಿಭಾಗದಲ್ಲಿರುವ ಕಿತ್ತಳೆ ಪುಡಿಯನ್ನು ಸೂಜಿಯ ಮೊನೆಯಲ್ಲಿ ತೆಗೆದು ಒಂದು ಹನಿ ನೀರಿನಲ್ಲಿಟ್ಟು ನೋಡಿದರೆ ತುಕ್ಕು ರೋಗದ ಬೀಜಕಗಳು (ಶಿಲೀಂಧ್ರ ಹರಡಲು ನೆರವಾಗುವ ಬೀಜದಂಥ ಕಣಗಳು) ಮೂತ್ರಪಿಂಡದ ಆಕಾರದಲ್ಲಿ, ಒಂದು ಬದಿ ನುಣುಪಾಗಿ, ಇನ್ನೊಂದು ಬದಿ ಸಣ್ಣ ಮುಳ್ಳುಗಳಿಂದ ತುಂಬಿರುವುದು ಕಾಣುತ್ತದೆ. ತಾತನ ಕಾಲದಿಂದ ಬೈದುಕೊಂಡು ಬಂದ ರೋಗದ ರೂಪವನ್ನು ಒಂದು ಮಗು ಹೀಗೆ ಮೊದಲ ಬಾರಿ ನೋಡುವ ಕ್ಷಣಕ್ಕೆ ಯಾವ ಪಠ್ಯವೂ ಸಾಟಿಯಲ್ಲ.

## ಇತಿಹಾಸ ಮತ್ತು ವ್ಯಕ್ತಿಗಳು

ಬ್ಯಾಕ್ಟೀರಿಯಾ ಕಂಡುಹಿಡಿದದ್ದು ಕರಿಮೆಣಸಿನಿಂದ ಅಂತ ಯಾರೋ ಹೇಳಿದರು. ತಮಾಷೆಗೆ ಹೇಳಿದ್ದಾ?

ತಮಾಷೆಯಲ್ಲ, ಅದು ದಾಖಲಾದ ಸಂಗತಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದ ಆಂಟೋನಿ ವಾನ್ ಲೇವನ್‌ಹುಕ್ (1632–1723) ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಅಂದಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಅವನಿಗೆ ಬರುತ್ತಿರಲಿಲ್ಲ. ತಾನೇ ತಯಾರಿಸಿದ ಪುಟ್ಟ ಮಸೂರವೊಂದನ್ನು ಲೋಹದ ಎರಡು ತಗಡುಗಳ ನಡುವೆ ಕೂರಿಸಿ, ಅದನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡುತ್ತಿದ್ದನು. ಉಳಿದು ಬಂದಿರುವ ಅವನ ಉಪಕರಣಗಳಲ್ಲಿ ಅತ್ಯುತ್ತಮವಾದದ್ದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸುತ್ತದೆ.

ಮೆಣಸು ನಾಲಿಗೆಗೆ ಖಾರವಾಗುವುದು ಏಕೆಂದು ತಿಳಿಯುವ ಆಸೆ ಅವನಿಗಿತ್ತು. ಅದರ ಕಣಗಳಿಗೆ ಚೂಪಾದ ಮೊನೆಗಳಿರಬಹುದೆಂಬ ಊಹೆಯೂ ಇತ್ತು. 1676ರಲ್ಲಿ ಅವನು ಇಡೀ ಮೆಣಸಿನ ಕಾಳುಗಳನ್ನು ನೀರಿನಲ್ಲಿ ನೆನೆಹಾಕಿ ವಾರಗಟ್ಟಲೆ ಇಟ್ಟನು. ಕಾಳುಗಳು ಮೆತ್ತಗಾದ ಮೇಲೆ ಆ ನೀರನ್ನು ನೋಡಿದಾಗ ಮೊನೆಗಳು ಕಾಣಲಿಲ್ಲ. ಅದುವರೆಗೆ ನೋಡಿದ್ದಕ್ಕಿಂತಲೂ ಎಷ್ಟೋ ಚಿಕ್ಕದಾದ ಜೀವಿಗಳು ಲೆಕ್ಕವಿಲ್ಲದಷ್ಟು ಚಲಿಸುತ್ತಿದ್ದವು. ಅವುಗಳಲ್ಲಿ ಅತ್ಯಂತ ಚಿಕ್ಕವು ಬ್ಯಾಕ್ಟೀರಿಯಾ ಎಂಬುದು ಇಂದಿನ ಇತಿಹಾಸಕಾರರ ಅಭಿಪ್ರಾಯ. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಡಚ್ ಭಾಷೆಯಲ್ಲಿ ಬರೆದ ದೀರ್ಘ ಪತ್ರವನ್ನು ಅಲ್ಲಿನವರು ಸುಲಭವಾಗಿ ನಂಬಲಿಲ್ಲ. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ತಾನೂ ಮೆಣಸಿನ ನೀರನ್ನೇ ಸಿದ್ಧಪಡಿಸಿ ಸೊಸೈಟಿಯ ಸದಸ್ಯರಿಗೆ ತೋರಿಸಿದ ಮೇಲೆ ಅನುಮಾನ ಕರಗಿತು.

ಅಂದು ಯೂರೋಪಿನವರಿಗೆ ಮೆಣಸು ಪೂರ್ವದಿಂದ ಹಡಗಿನಲ್ಲಿ ಬರಬೇಕಾದ ಪದಾರ್ಥವಾಗಿತ್ತು. ಮರಮರಕ್ಕೂ ಬಳ್ಳಿ ಹಬ್ಬಿಸಿರುವ ನಮ್ಮ ಮನೆಗಳಲ್ಲಿ ಈ ಪ್ರಯೋಗಕ್ಕೆ ಒಂದು ಹಿಡಿ ಕಾಳು, ಒಂದು ಲೋಟ ನೀರು ಮತ್ತು ಶಾಲೆಯ ಸೂಕ್ಷ್ಮದರ್ಶಕ ಸಾಕು. ನೀರು ನಾರಲು ಆರಂಭಿಸುವುದರಿಂದ ಲೋಟವನ್ನು ಹೊರಗಿಡುವುದು ಒಳ್ಳೆಯದು. ಕೆಲಸ ಮುಗಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಬೇಕು.

ಪದಾರ್ಥ ಕೆಟ್ಟಾಗ ಹುಳ, ಬೂಸ್ಟು ತಾನಾಗಿಯೇ ಹುಟ್ಟುತ್ತವೆ ಎಂದು ಹಿಂದಿನವರು ನಂಬಿದ್ದರಲ್ಲ. ಅದು ತಪ್ಪು ಅಂತ ಗೊತ್ತಾದದ್ದು ಹೇಗೆ?

ಫ್ರಾನ್ಸಿನ ಲೂಯಿ ಪಾಶ್ಚರ್ 1859ರಿಂದ 1862ರವರೆಗೆ ನಡೆಸಿದ ಪ್ರಯೋಗಗಳು ಈ ವಿವಾದವನ್ನು ಬಹುಮಟ್ಟಿಗೆ ಇತ್ಯರ್ಥಗೊಳಿಸಿದವು. ಅವರು ಗಾಜಿನ ಬುರುಡೆಗಳಲ್ಲಿ ಪೌಷ್ಟಿಕ ದ್ರವವನ್ನು ತುಂಬಿ, ಬುರುಡೆಯ ಕತ್ತನ್ನು ಹಂಸದ ಕೊರಳಿನಂತೆ ಉದ್ದಕ್ಕೆ ಎಳೆದು ಬಾಗಿಸಿ, ದ್ರವವನ್ನು ಕುದಿಸಿ ಹಾಗೆಯೇ ತೆರೆದಿಟ್ಟರು. ಗಾಳಿ ಒಳಗೆ ಹೋಗುತ್ತಿತ್ತು, ಧೂಳು ಮಾತ್ರ ಬಾಗಿದ ಕೊರಳಿನಲ್ಲಿಯೇ ನಿಲ್ಲುತ್ತಿತ್ತು. ದ್ರವ ಕೆಡಲಿಲ್ಲ. ಕೊರಳನ್ನು ಮುರಿದರೆ ಕೆಲವೇ ದಿನಗಳಲ್ಲಿ ಕೆಡುತ್ತಿತ್ತು.

ನನಗೆ ಹೆಚ್ಚು ಪ್ರಿಯವಾದದ್ದು ಅವರ ಇನ್ನೊಂದು ಪ್ರಯೋಗ. ಬಾಯಿ ಮುಚ್ಚಿದ ಬುರುಡೆಗಳನ್ನು ಹೊತ್ತುಕೊಂಡು ಬೆಟ್ಟ ಹತ್ತಿ, ಒಂದೊಂದು ಎತ್ತರದಲ್ಲಿ 20 ಬುರುಡೆಗಳನ್ನು ಕ್ಷಣಕಾಲ ತೆರೆದು ಮತ್ತೆ ಮುಚ್ಚಿದರು. ಬಯಲಿನಲ್ಲಿ ತೆರೆದವುಗಳಲ್ಲಿ 8, ಜುರಾ ಬೆಟ್ಟದ ಮೇಲೆ ತೆರೆದವುಗಳಲ್ಲಿ 5, ಆಲ್ಪ್ಸ್ ಪರ್ವತದ ಹಿಮನದಿಯ ಬಳಿ ತೆರೆದವುಗಳಲ್ಲಿ ಕೇವಲ 1 ಕೆಟ್ಟಿತು. ಕೆಡಿಸುವ ಶಕ್ತಿ ಗಾಳಿಯಲ್ಲಲ್ಲ, ಗಾಳಿ ಹೊತ್ತು ತರುವ ಕಣಗಳಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಅವರ ಎದುರಾಳಿ ಪೂಶೆ ಒಣಹುಲ್ಲಿನ ಕಷಾಯದಲ್ಲಿ ಇದೇ ಪ್ರಯೋಗ ಮಾಡಿದಾಗ, ಕುದಿಸಿದ ಮೇಲೂ ಜೀವಿಗಳು ಕಾಣಿಸಿಕೊಂಡವು. ಪೂಶೆ ಸುಳ್ಳು ಹೇಳಲಿಲ್ಲ. ಹುಲ್ಲಿನಲ್ಲಿರುವ ಬ್ಯಾಸಿಲಸ್ ಬ್ಯಾಕ್ಟೀರಿಯಾ ಕುದಿಯುವ ಶಾಖವನ್ನೂ ತಾಳಿಕೊಳ್ಳುವ ಬೀಜಕಗಳನ್ನು ಮಾಡಿಕೊಳ್ಳುತ್ತದೆಂದು 1876ರಲ್ಲಿ ಫರ್ಡಿನಾಂಡ್ ಕಾನ್ ತೋರಿಸಿದ ಮೇಲೆ ಆ ಒಗಟು ಬಿಡಿಸಿತು.

ಈ ಶಾಸ್ತ್ರದ ಇತಿಹಾಸದಲ್ಲಿ ಹೆಂಗಸರೇ ಇಲ್ಲವಾ ಮೇಷ್ಟ್ರೇ?

ಇದ್ದಾರೆ, ಅವರ ಹೆಸರುಗಳನ್ನು ಪಾಠಗಳಲ್ಲಿ ಸೇರಿಸಲು ತಡಮಾಡಿದ್ದೇವೆ. ಎಲ್ಲ ಪ್ರಯೋಗಾಲಯಗಳಲ್ಲಿಯೂ ಇಂದು ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಅಗರ್ ಬಂದದ್ದು ಒಬ್ಬ ಗೃಹಿಣಿಯ ಅಡುಗೆಮನೆಯಿಂದ. ಜರ್ಮನಿಯ ರಾಬರ್ಟ್ ಕಾಖ್ ಒಂದೊಂದು ಬಗೆಯ ಬ್ಯಾಕ್ಟೀರಿಯಾವನ್ನು ಬೇರೆಬೇರೆಯಾಗಿ ಬೆಳೆಸಲು ಗಟ್ಟಿಯಾದ ನೆಲೆಯೊಂದನ್ನು ಹುಡುಕುತ್ತಿದ್ದರು. ಬೇಯಿಸಿದ ಆಲೂಗಡ್ಡೆಯ ಹೋಳುಗಳ ಮೇಲೆ ಕೆಲವೇ ಬಗೆಯವು ಬೆಳೆದವು. ಜೆಲಟಿನ್ ಮೈಯ ಶಾಖದಲ್ಲಿ ಕರಗಿ ನೀರಾಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದು ಹಾಕುತ್ತಿದ್ದವು.

ಕಾಖ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ ಪತಿಯ ಕೆಲಸಕ್ಕೆ ನೆರವಾಗುತ್ತಿದ್ದರು, ಚಿತ್ರಗಳನ್ನು ಬರೆದುಕೊಡುತ್ತಿದ್ದರು. ಬೇಸಿಗೆಯಲ್ಲಿಯೂ ಕರಗದ ಜೆಲ್ಲಿಗೆ ಅವರು ಬಳಸುತ್ತಿದ್ದದ್ದು ಕಡಲ ಸಸ್ಯದಿಂದ ತೆಗೆದ ಅಗರ್. ಅದನ್ನು ಅವರಿಗೆ ಹೇಳಿಕೊಟ್ಟವರು ಹಿಂದೆ ಜಾವಾದಲ್ಲಿ ನೆಲೆಸಿದ್ದ ನೆರೆಯವರು. 1881ರಲ್ಲಿ ಫ್ಯಾನಿ ಕೊಟ್ಟ ಈ ಸಲಹೆಯು ಸಮಸ್ಯೆಯನ್ನು ಪೂರ್ಣವಾಗಿ ಪರಿಹರಿಸಿತು. ಅಗರ್ ಸುಮಾರು 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಆದರೆ 40 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಹೆಪ್ಪುಗಟ್ಟುವುದಿಲ್ಲ. ಬಹುತೇಕ ಬ್ಯಾಕ್ಟೀರಿಯಾ ಅದನ್ನು ಜೀರ್ಣಿಸಿಕೊಳ್ಳಲಾರವು. 1882ರ ಮಾರ್ಚ್ 24ರಂದು ಕಾಖ್ ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದುದಾಗಿ ಬರ್ಲಿನ್ನಿನಲ್ಲಿ ಘೋಷಿಸಿದರು. ಆ ವರ್ಷದ ಲೇಖನದಲ್ಲಿ ಅಗರ್ ಬಳಕೆಯ ಉಲ್ಲೇಖವಿದೆ, ಫ್ಯಾನಿಯವರ ಹೆಸರಿಲ್ಲ. 1887ರಲ್ಲಿ ಮುಚ್ಚಳವಿರುವ ಚಪ್ಪಟೆ ತಟ್ಟೆಯನ್ನು ರೂಪಿಸಿದ ಪೆಟ್ರಿಯ ಹೆಸರು ಮಾತ್ರ ಪ್ರತಿ ವಿದ್ಯಾರ್ಥಿಯ ಬಾಯಲ್ಲಿದೆ. ಇದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಪುಡ್ಡಿಂಗಿಗಾಗಿ ಮಾರುವುದು ಇದೇ ಅಗರ್.

ನಮ್ಮ ದೇಶದವರು ಯಾರಾದರೂ ದೊಡ್ಡ ಶೋಧ ಮಾಡಿದ್ದಾರಾ?

ನಾನು ಮೊದಲು ಹೇಳುವ ಹೆಸರು ಕಲ್ಕತ್ತಾದ ಶಂಭುನಾಥ ಡೇ (1915–1985). ಕಾಲರಾದಲ್ಲಿ ರೋಗಿಯ ದೇಹದ ನೀರೆಲ್ಲ ಹರಿದುಹೋಗುವುದು ಏಕೆಂದು ಕಾಖ್ ಕಾಲದಿಂದಲೂ ಚರ್ಚೆಯಿತ್ತು. ಡೇ ಅವರು ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ಕಡೆ ಕಟ್ಟಿ, ಅದರೊಳಗೆ ಬ್ಯಾಕ್ಟೀರಿಯಾವನ್ನು ಸಂಪೂರ್ಣ ಸೋಸಿ ತೆಗೆದ ದ್ರವವನ್ನು ಹಾಕಿದರು. ಕರುಳಿನ ಆ ಭಾಗದಲ್ಲಿ ನೀರು ತುಂಬಿ ಉಬ್ಬಿತು. ರೋಗದ ಕಾರಣ ಬ್ಯಾಕ್ಟೀರಿಯಾ ಹೊರಸೂಸುವ ವಿಷ ಎಂಬುದು 1959ರಲ್ಲಿ ಹೀಗೆ ಸಾಬೀತಾಯಿತು. ಸಾಧಾರಣ ಸಲಕರಣೆಗಳಲ್ಲಿ ಮಾಡಿದ ಈ ಕೆಲಸಕ್ಕೆ ಅವರ ಜೀವಿತಕಾಲದಲ್ಲಿ ದೇಶದೊಳಗೆ ತಕ್ಕ ಮನ್ನಣೆ ಸಿಗಲಿಲ್ಲ.

ಕರ್ನಾಟಕದ ಮಟ್ಟಿಗೆ ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಅವರನ್ನು ನೆನೆಯಲೇಬೇಕು. ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ಮಲೆನಾಡಿನಲ್ಲಿ ರೂಢಿಗೆ ತಂದವರಲ್ಲಿ ಅವರು ಪ್ರಮುಖರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವು 1925ರಲ್ಲಿ ಆರಂಭವಾದದ್ದೂ ಅವರ ಕಾಲದಲ್ಲಿಯೇ.

## ತೋಟ, ಗದ್ದೆ, ಅಡುಗೆಮನೆ

ಹೂಮಳೆ ಬಿದ್ದ ಕೂಡಲೇ ಬರುವ ಮಣ್ಣಿನ ವಾಸನೆ ಸೂಕ್ಷ್ಮಜೀವಿಯದ್ದಾ?

ಬಹುಪಾಲು ಹೌದು. ಮಣ್ಣಿನಲ್ಲಿ ಎಳೆಎಳೆಯಾಗಿ ಬೆಳೆಯುವ ಸ್ಟ್ರೆಪ್ಟೋಮೈಸಿಸ್ ಎಂಬ ಬ್ಯಾಕ್ಟೀರಿಯಾ ಉತ್ಪತ್ತಿ ಮಾಡುವ ಜಿಯೋಸ್ಮಿನ್ ಎಂಬ ವಸ್ತುವೇ ಆ ವಾಸನೆಯ ಮುಖ್ಯ ಕಾರಣ. ಮಾರ್ಚ್–ಏಪ್ರಿಲ್ ತಿಂಗಳ ಮೊದಲ ಹನಿಗಳು ಒಣಗಿದ ನೆಲಕ್ಕೆ ಅಪ್ಪಳಿಸಿದಾಗ ಅದು ಗಾಳಿಗೆ ಸೇರುತ್ತದೆ. ಮನುಷ್ಯನ ಮೂಗು ಲಕ್ಷ ಕೋಟಿಯಲ್ಲಿ ಕೆಲವೇ ಪಾಲಿನಷ್ಟಿರುವ ಜಿಯೋಸ್ಮಿನ್ನನ್ನೂ ಗುರುತಿಸಬಲ್ಲದು. ಬ್ಯಾಕ್ಟೀರಿಯಾಕ್ಕೆ ಈ ವಾಸನೆಯಿಂದ ಏನು ಲಾಭ ಎಂಬುದಕ್ಕೆ 2020ರಲ್ಲಿ ಒಂದು ಉತ್ತರ ಸಿಕ್ಕಿತು: ಮಣ್ಣಿನಲ್ಲಿ ನೆಗೆದಾಡುವ ಸ್ಪ್ರಿಂಗ್‌ಟೈಲ್ ಎಂಬ ಸಣ್ಣ ಜೀವಿಗಳು ಈ ವಾಸನೆಯನ್ನು ಹಿಂಬಾಲಿಸಿ ಬಂದು, ಬೀಜಕಗಳನ್ನು ತಿಂದು ಮೈಗೂ ಅಂಟಿಸಿಕೊಂಡು ಬೇರೆಡೆಗೆ ಒಯ್ಯುತ್ತವೆ.

ಇದೇ ಕುಲದ ಇನ್ನೊಂದು ಪ್ರಭೇದದಿಂದ 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್, ಕ್ಷಯಕ್ಕೆ ಮೊದಲ ಪರಿಣಾಮಕಾರಿ ಆಂಟಿಬಯಾಟಿಕ್ ಆದ ಸ್ಟ್ರೆಪ್ಟೋಮೈಸಿನ್ ಅನ್ನು ಪಡೆದರು. ಮೂಲ ತಳಿಗಳಲ್ಲಿ ಒಂದು ಸಿಕ್ಕಿದ್ದು ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿ. 1952ರ ನೊಬೆಲ್ ಪ್ರಶಸ್ತಿ ಅವರ ಗುರು ಸೆಲ್ಮನ್ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು.

ಕಾಫಿಗೆ ಎಲೆ ತುಕ್ಕು ಬಂದು ಸಿಲೋನಿನಲ್ಲಿ ಕಾಫಿಯೇ ಹೋಯಿತಂತೆ. ನಮ್ಮಲ್ಲಿ ಹೇಗೆ ಉಳಿಯಿತು?

ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರವನ್ನು ಸಿಲೋನಿನಿಂದ ಕಳುಹಿಸಿದ ಎಲೆಗಳ ಆಧಾರದ ಮೇಲೆ ಇಂಗ್ಲೆಂಡಿನ ಬರ್ಕ್‌ಲಿ 1869ರಲ್ಲಿ ವರ್ಣಿಸಿದರು. ಮುಂದಿನ ಎರಡು ದಶಕಗಳಲ್ಲಿ ಆ ದ್ವೀಪದ ಕಾಫಿ ಉದ್ಯಮ ಕುಸಿದು, ತೋಟಗಳು ಚಹಾಕ್ಕೆ ಬದಲಾದವು. ರೋಗದ ಅಧ್ಯಯನಕ್ಕೆಂದು 1880ರಲ್ಲಿ ಅಲ್ಲಿಗೆ ಹೋದ ಯುವ ಸಸ್ಯಶಾಸ್ತ್ರಜ್ಞ ಮಾರ್ಷಲ್ ವಾರ್ಡ್, ಬೀಜಕವು ಎಲೆಯ ಮೇಲಿನ ನೀರಿನ ತೆಳುಪದರದಲ್ಲಿ ಮೊಳೆತು ಎಲೆಯ ಪತ್ರರಂಧ್ರದ ಮೂಲಕವೇ ಒಳಹೊಗುತ್ತದೆಂದು ತೋರಿಸಿದರು. ಅಂದರೆ ಔಷಧಿಯು ಬೀಜಕ ಮೊಳೆಯುವ ಮೊದಲೇ ಎಲೆಯ ಮೇಲಿರಬೇಕು. ಮಳೆಗಾಲಕ್ಕೆ ಮುಂಚೆ ಎಲೆಯ ಅಡಿಭಾಗಕ್ಕೆ ತಾಗುವಂತೆ ಬೋರ್ಡೋ ಹೊಡೆಯಿರಿ ಎಂದು ಇಂದಿಗೂ ಹೇಳುವುದರ ಹಿಂದೆ ಈ ತಿಳಿವಳಿಕೆಯಿದೆ. ಗಾಳಿಗೆ ತಡೆಯಿಲ್ಲದೆ ಒಂದೇ ಬೆಳೆಯನ್ನು ಮೈಲಿಗಟ್ಟಲೆ ಹಬ್ಬಿಸಿದ್ದು ರೋಗಕ್ಕೆ ಅನುಕೂಲವಾಯಿತೆಂದೂ ವಾರ್ಡ್ ಎಚ್ಚರಿಸಿದ್ದರು.

ರೋಗ ನಮ್ಮಲ್ಲಿಗೂ ಬಂದು ಅಪಾರ ಹಾನಿ ಮಾಡಿತು. ಆದರೆ ನೆರಳಿನ ಮರಗಳ ಕೆಳಗೆ ಕಾಫಿ ಬೆಳೆಯುವ ಕ್ರಮ, ಬೋರ್ಡೋ ಸಿಂಪಡಣೆ, ಕೆಂಟ್ಸ್ ಮತ್ತು ಅನಂತರದ ಎಸ್. 795ರಂಥ ತಳಿಗಳು, ತುಕ್ಕನ್ನು ಚೆನ್ನಾಗಿ ತಡೆದುಕೊಳ್ಳುವ ರೋಬಸ್ಟಾ — ಇವು ಸೇರಿ ಬೆಳೆಯನ್ನು ಉಳಿಸಿದವು. ಇಂದು ಕೊಡಗಿನ ತೋಟಗಳಲ್ಲಿ ರೋಬಸ್ಟಾ ಹೆಚ್ಚಿರುವುದಕ್ಕೆ ಎಲೆ ತುಕ್ಕು ಮತ್ತು ಕಾಂಡಕೊರಕ ಹುಳು ಎರಡೂ ಕಾರಣ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವನ್ನು ನಮ್ಮ ಬೆಳೆಗಾರರು ಇನ್ನೂ ಹೆಚ್ಚು ಬಳಸಿಕೊಳ್ಳಬೇಕೆಂಬುದು ನನ್ನ ಒತ್ತಾಯ.

ಮೆಣಸಿನ ಬಳ್ಳಿ ಒಂದೇ ಮಳೆಗಾಲದಲ್ಲಿ ಸೊರಗಿ ಹೋಗುತ್ತದೆ. ಟ್ರೈಕೋಡರ್ಮ ಹಾಕಿ ಅನ್ನುತ್ತಾರೆ. ಅದೂ ಫಂಗಸ್ಸೇ ಅಲ್ಲವಾ?

ಶೀಘ್ರ ಸೊರಗು ರೋಗವನ್ನು ತರುವ ಫೈಟಾಫ್ತೊರಾ ಕ್ಯಾಪ್ಸಿಸಿ ನೋಡಲು ಶಿಲೀಂಧ್ರದಂತಿದ್ದರೂ ಶಿಲೀಂಧ್ರವಲ್ಲ. ಕಂದು ಪಾಚಿಗಳ ವಂಶಕ್ಕೆ ಹತ್ತಿರದ ಜೀವಿ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಭೀಕರ ಕ್ಷಾಮ ಬರಲು ಕಾರಣವಾದದ್ದೂ ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದವು. ಅದರ ಬೀಜಕಗಳಿಗೆ ಎರಡು ಬಾಲಗಳಿದ್ದು, ಮಣ್ಣಿನ ನೀರಿನಲ್ಲಿ ಈಜಿಕೊಂಡು ಬೇರನ್ನು ತಲುಪುತ್ತವೆ. ಆದ್ದರಿಂದ ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯುವುದೇ ಮೊದಲ ಔಷಧಿ.

ಟ್ರೈಕೋಡರ್ಮ ನಿಜವಾದ ಶಿಲೀಂಧ್ರ. ಅದು ರೋಗಕಾರಕದ ಎಳೆಗಳನ್ನು ಸುತ್ತಿಕೊಂಡು ಕಿಣ್ವಗಳಿಂದ ಅವುಗಳ ಕೋಶಭಿತ್ತಿಯನ್ನು ಕರಗಿಸಿ ತಿನ್ನುತ್ತದೆ, ಬೇರಿನ ಸುತ್ತಲಿನ ಜಾಗವನ್ನೂ ಆಕ್ರಮಿಸಿಕೊಳ್ಳುತ್ತದೆ. ಜೀವಂತ ವಸ್ತುವಾದ್ದರಿಂದ ಅದಕ್ಕೆ ಆಹಾರ ಬೇಕು. ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯಲ್ಲಿ ಬೆರೆಸಿ, ತೇವ ಕಾಪಾಡಿ, ಕೆಲವು ದಿನ ನೆರಳಿನಲ್ಲಿಟ್ಟು ಅನಂತರ ಬುಡಕ್ಕೆ ಹಾಕುವುದು ಇದೇ ಕಾರಣಕ್ಕೆ. ಅದೇ ವಾರ ತಾಮ್ರದ ಔಷಧಿಯ ದ್ರಾವಣವನ್ನು ಅದೇ ಬುಡಕ್ಕೆ ಸುರಿಯುವುದು ಸರಿಯಲ್ಲ.

ಏಲಕ್ಕಿಯ ಕಟ್ಟೆ ರೋಗಕ್ಕೆ ಯಾವ ಔಷಧಿ ಹೊಡೆಯಬೇಕು?

ಗಿಡಕ್ಕೆ ತಗುಲಿದ ಮೇಲೆ ಔಷಧಿಯಿಲ್ಲ, ಏಕೆಂದರೆ ಅದು ವೈರಸ್ಸಿನಿಂದ ಬರುವ ರೋಗ. ಎಳೆಯ ಎಲೆಯ ಮೇಲೆ ತಿಳಿಹಸಿರು ಗೆರೆಗಳು ಕಂಡ ಹಿಂಡಿಲನ್ನು ಬೇರುಸಹಿತ ಕಿತ್ತು ನಾಶಪಡಿಸಬೇಕು. ಗಿಡದಿಂದ ಗಿಡಕ್ಕೆ ರೋಗವನ್ನು ಒಯ್ಯುವ ಸಸ್ಯಹೇನುಗಳು ಆಶ್ರಯ ಪಡೆಯುವ ಒಣ ಪೊರೆಗಳನ್ನು ತೆಗೆಯಬೇಕು. ವೈರಸ್ ಎಂಬ ವಸ್ತುವಿನ ಮೊದಲ ಸುಳಿವು ಸಿಕ್ಕಿದ್ದೂ ಒಂದು ಗಿಡದ ಎಲೆಯಲ್ಲಿಯೇ. ರೋಗ ತಗುಲಿದ ತಂಬಾಕಿನ ಎಲೆಯ ರಸವನ್ನು ಬ್ಯಾಕ್ಟೀರಿಯಾ ದಾಟಲಾರದ ಸೋಸುಕದಲ್ಲಿ ಸೋಸಿದರೂ ಅದು ರೋಗ ತರುತ್ತದೆಂದು 1892ರಲ್ಲಿ ರಷ್ಯಾದ ಇವನೋವ್ಸ್ಕಿ ಕಂಡರು. 1898ರಲ್ಲಿ ಹಾಲೆಂಡಿನ ಬೈಯರಿಂಕ್ ಇದು ಬ್ಯಾಕ್ಟೀರಿಯಾಕ್ಕಿಂತ ಬೇರೆಯಾದ ಹೊಸ ಬಗೆಯ ರೋಗಕಾರಕ ಎಂದು ಪ್ರತಿಪಾದಿಸಿದರು. ಗುರುತಿಸುವುದು ಕಷ್ಟವಾದರೆ ಮಡಿಕೇರಿ ಬಳಿಯ ಅಪ್ಪಂಗಳದ ಸಂಶೋಧನಾ ಕೇಂದ್ರಕ್ಕೆ ಎಲೆಯನ್ನು ಒಯ್ದು ತೋರಿಸಬಹುದು.

ಪಲ್ಪರ್‌ನಿಂದ ಬಂದ ಕಾಫಿಬೀಜವನ್ನು ತೊಟ್ಟಿಯಲ್ಲಿ ಯಾಕೆ ಬಿಡಬೇಕು? ಕೂಡಲೇ ತೊಳೆದರೆ ಆಗದಾ?

ಸಿಪ್ಪೆ ಸುಲಿದ ಮೇಲೂ ಬೀಜದ ಹೊರಪೊರೆಗೆ ಲೋಳೆ ಬಿಗಿಯಾಗಿ ಅಂಟಿರುತ್ತದೆ. ಬರೀ ನೀರಿಗೆ ಅದು ಬಿಡುವುದಿಲ್ಲ. ಹಣ್ಣಿನ ಮೇಲೆ ಮೊದಲೇ ಇದ್ದ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ಹೆಚ್ಚುತ್ತಾ ಲೋಳೆಯಲ್ಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಅವುಗಳ ಕಿಣ್ವಗಳೂ ಹಣ್ಣಿನದೇ ಕಿಣ್ವಗಳೂ ಸೇರಿ ಲೋಳೆಯಲ್ಲಿನ ಪೆಕ್ಟಿನ್ ಎಂಬ ಅಂಟನ್ನು ಸಡಿಲಗೊಳಿಸುತ್ತವೆ. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ ಸಾಕು, ರೋಬಸ್ಟಾಕ್ಕೆ ಇನ್ನೂ ಹೆಚ್ಚು. ಡಿಸೆಂಬರ್–ಜನವರಿಯ ಚಳಿಯಲ್ಲಿ ಎರಡಕ್ಕೂ ಸಮಯ ಹಿಡಿಯುತ್ತದೆ. ಗಡಿಯಾರಕ್ಕಿಂತ ಅಂಗೈ ಉತ್ತಮ ಪರೀಕ್ಷಕ: ಒಂದು ಹಿಡಿ ಬೀಜವನ್ನು ತೊಳೆದು ಹಿಂಡಿದಾಗ ಜಾರದೆ ಒರಟಾಗಿ ಒಂದಕ್ಕೊಂದು ಉಜ್ಜಿ ಸದ್ದು ಮಾಡಿದರೆ ಹದ ಬಂದಿದೆ. ಹದ ಮೀರಿದರೆ ಹುಳಿ ಬೀಜದೊಳಗೆ ಇಳಿದು, ಕಣದಲ್ಲಿ ಎಷ್ಟು ಚೆನ್ನಾಗಿ ಒಣಗಿಸಿದರೂ ಲೋಟದಲ್ಲಿ ಕೆಟ್ಟ ವಾಸನೆ ಉಳಿಯುತ್ತದೆ. ತೊಳೆದ ನೀರನ್ನು ತೋಡಿಗೆ ಬಿಡಲೇಬಾರದು. ಅದರ ಸಕ್ಕರೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಬಳಸಿಕೊಂಡು ಮೀನುಗಳು ಉಸಿರುಗಟ್ಟಿ ಸಾಯುತ್ತವೆ.

ಕಾಚಂಪುಳಿ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ, ಯಾಕೆ?

ಕಾಚಂಪುಳಿ ಕೊಡಗಿನ ಅಡುಗೆಗೆ ಬಳಸುವ ಹುಳಿ. ಹಣ್ಣಿನಿಂದ ಇಳಿದ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸುವುದರಿಂದ ಮೂರು ಕೆಲಸಗಳಾಗುತ್ತವೆ: ಇದ್ದ ಜೀವಿಗಳು ಬಹುತೇಕ ಸಾಯುತ್ತವೆ, ನೀರಿನ ಅಂಶ ಇಳಿಯುತ್ತದೆ, ಆಮ್ಲ ಸಾಂದ್ರವಾಗುತ್ತದೆ. ಇಷ್ಟು ಹುಳಿಯಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯಲಾರವು. ಮಾರಕ ವಿಷ ಉಂಟುಮಾಡುವ ಬಾಟುಲಿಸಂ ಬ್ಯಾಕ್ಟೀರಿಯಾ ಕೂಡ ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) 4.6ಕ್ಕಿಂತ ಕೆಳಗೆ ಹೆಚ್ಚುವುದಿಲ್ಲ. ಪಂದಿಕರಿ (ಹಂದಿಮಾಂಸದ ಸಾರು) ಮರುದಿನಕ್ಕೂ ಚೆನ್ನಾಗಿರುವುದಕ್ಕೆ ಇದರ ಪಾಲಿದೆ. ಬಾಟಲಿಗೆ ಒದ್ದೆ ಚಮಚ ಹಾಕಬಾರದು. ಮೇಲ್ಭಾಗ ತೆಳುವಾದರೆ ಬೂಸ್ಟು ಬರುತ್ತದೆ.

ಹುತ್ತದ ಅಣಬೆಯನ್ನು ಮನೆಯಲ್ಲಿ ಬೆಳೆಸಲು ಯಾಕೆ ಆಗುವುದಿಲ್ಲ?

ಅದನ್ನು ಬೆಳೆಸುವ ರೈತರು ಗೆದ್ದಲುಗಳು. ಅವು ತಿಂದ ಒಣ ಎಲೆ, ಕಟ್ಟಿಗೆಗಳ ಮಲದಿಂದ ಹುತ್ತದೊಳಗೆ ಜೇನುತಟ್ಟೆಯಂಥ ತೋಟ ಕಟ್ಟಿ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರವನ್ನು ಬಿತ್ತುತ್ತವೆ. ತಾವು ಜೀರ್ಣಿಸಿಕೊಳ್ಳಲಾರದ ಕಟ್ಟಿಗೆಯ ಅಂಶವನ್ನು ಶಿಲೀಂಧ್ರ ಒಡೆದುಕೊಟ್ಟ ಮೇಲೆ ಅದನ್ನು ತಿನ್ನುತ್ತವೆ. ಶಾಖ, ತೇವ, ಕಳೆ ಕೀಳುವುದು ಎಲ್ಲವನ್ನೂ ಹಗಲಿರುಳು ನೋಡಿಕೊಳ್ಳುವುದು ಅವೇ. ಮಳೆ ಹಿಡಿದಾಗ ನೆಲ ಸೀಳಿಕೊಂಡು ಬರುವ, ಕೊಡವರ ಮನೆಗಳಲ್ಲಿ ಕುಮ್ಮ್ ಕರಿಯಾಗುವ ಅಣಬೆ ಆ ತೋಟದ ಫಲ. ಗೆದ್ದಲಿಲ್ಲದೆ ಅದನ್ನು ಬೆಳೆಸುವ ವಿಧಾನ ರೂಢಿಗೆ ಬಂದಿಲ್ಲ. ಹುತ್ತವನ್ನು ಅಗೆದು ತೆಗೆಯದೆ ಅಣಬೆಯನ್ನು ಮಾತ್ರ ಕಿತ್ತುಕೊಂಡರೆ ಮುಂದಿನ ವರ್ಷ ಅಲ್ಲಿಯೇ ಮತ್ತೆ ಬರುವ ಸಾಧ್ಯತೆಯಿದೆ.

ಬೆಟ್ಟದಿಂದ ಪೈಪಿನಲ್ಲಿ ಬರುವ ನೀರು ಗಾಜಿನ ಹಾಗೆ ತಿಳಿ. ಅದನ್ನೂ ಕುದಿಸಬೇಕಾ?

ಕುದಿಸಬೇಕು. ತಿಳಿತನಕ್ಕೂ ಶುದ್ಧತೆಗೂ ಸಂಬಂಧವಿಲ್ಲ. ಮೇಲ್ಭಾಗದಲ್ಲಿ ದನ, ಕಾಡುಹಂದಿ, ಮನುಷ್ಯರ ಓಡಾಟವಿದ್ದರೆ ಅಪಾಯ ಇನ್ನೂ ಹೆಚ್ಚು.

ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಯಾರಿಗೆ ಹೇಳಬೇಕು?

ಹತ್ತಿರದ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಬೇಕು. ಹತ್ತಿರ ಹೋಗಬಾರದು, ಮುಟ್ಟಲೂಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಊರುಗಳ ಜನ ತೀವ್ರ ಜ್ವರದಿಂದ ಮಲಗಿದಾಗ, ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಬಂದಿತೇ ಎಂಬ ಆತಂಕ ಮೂಡಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಅದು ಉಣುಗುಗಳಿಂದ ಹರಡುವ ಹೊಸ ವೈರಸ್ ಎಂದು ತಿಳಿಯಿತು. ಸತ್ತ ಮಂಗನ ಮೈಯಿಂದ ಉಣುಗುಗಳು ನೆಲಕ್ಕಿಳಿಯುವುದರಿಂದ ಆ ಜಾಗವೇ ಅಪಾಯಕಾರಿ. ಬೇಸಿಗೆಯ ತಿಂಗಳುಗಳಲ್ಲಿ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಬೇಕು.

## ಆಳದ ಪ್ರಶ್ನೆಗಳು

ಆಂಟಿಬಯಾಟಿಕ್ ತಿಂದು ತಿಂದು ಬ್ಯಾಕ್ಟೀರಿಯಾ ಅದಕ್ಕೆ ಅಭ್ಯಾಸವಾಗುತ್ತದೆ ಅನ್ನುವುದು ಸರಿಯಾ?

ಅಭ್ಯಾಸವಾಗುವುದಲ್ಲ, ಆಯ್ಕೆಯಾಗುವುದು. 1952ರಲ್ಲಿ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ ಒಂದು ಸರಳ ಉಪಾಯದಿಂದ ಇದನ್ನು ತೋರಿಸಿದರು. ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಮಖಮಲ್ ಬಟ್ಟೆಯನ್ನು ಒತ್ತಿ, ಅದೇ ಬಟ್ಟೆಯನ್ನು ಆಂಟಿಬಯಾಟಿಕ್ ಬೆರೆಸಿದ ತಟ್ಟೆಗಳ ಮೇಲೆ ಒತ್ತಿದರು. ಔಷಧಿಯನ್ನು ತಾಳಿಕೊಂಡ ಬ್ಯಾಕ್ಟೀರಿಯಾ ಎಲ್ಲ ತಟ್ಟೆಗಳಲ್ಲಿಯೂ ಒಂದೇ ಜಾಗದಲ್ಲಿ ಬೆಳೆದವು. ಮೂಲ ತಟ್ಟೆಯ ಅದೇ ಜಾಗದಿಂದ ತೆಗೆದವು, ಔಷಧಿಯನ್ನು ಎಂದೂ ಕಾಣದಿದ್ದರೂ, ಅದನ್ನು ತಾಳಿಕೊಂಡವು. ಅಂದರೆ ಆ ಗುಣ ಮೊದಲೇ ಯಾವುದೋ ಕೋಶದಲ್ಲಿ ಆಕಸ್ಮಿಕವಾಗಿ ಹುಟ್ಟಿತ್ತು. ಔಷಧಿ ಉಳಿದವನ್ನೆಲ್ಲ ಕೊಂದು ಅದಕ್ಕೆ ಜಾಗ ಮಾಡಿಕೊಟ್ಟಿತು. ಈ ಗುಣವನ್ನು ಬ್ಯಾಕ್ಟೀರಿಯಾ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲಿಯೂ ಇಂಥ ಜೀನ್‌ಗಳು ಸಿಕ್ಕಿವೆ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗುವ ರೂಢಿಯನ್ನು ನಾವು ಬಿಡಲೇಬೇಕು. ಶೀತಕ್ಕೆ ಕಾರಣವಾದ ವೈರಸ್ಸಿನ ಮೇಲೆ ಅವುಗಳಿಂದ ಯಾವ ಪ್ರಯೋಜನವೂ ಇಲ್ಲ.

ಆರ್ಕಿಯಾ ಎಂದರೆ ಏನು? ನಮ್ಮ ಸುತ್ತ ಇವೆಯಾ?

ಗದ್ದೆಯ ಕೆಸರನ್ನು ತುಳಿದಾಗ ಮೇಲೇಳುವ ಗುಳ್ಳೆಗಳಲ್ಲಿರುವ ಮೀಥೇನ್ ಅವುಗಳ ಸೃಷ್ಟಿ. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಅದೇ. 1977ರವರೆಗೆ ಇವನ್ನು ಬ್ಯಾಕ್ಟೀರಿಯಾ ಎಂದೇ ಎಣಿಸಲಾಗಿತ್ತು. ಪ್ರತಿ ಜೀವಕೋಶದಲ್ಲಿಯೂ ಇರುವ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ ನೋಡುತ್ತಿದ್ದ ಅಮೆರಿಕದ ಕಾರ್ಲ್ ವೋಸ್, ಜಾರ್ಜ್ ಫಾಕ್ಸ್ ಅವರೊಡನೆ ಸೇರಿ, ಇವು ಬ್ಯಾಕ್ಟೀರಿಯಾದಿಂದ ನಾವೆಷ್ಟು ದೂರವೋ ಅಷ್ಟೇ ದೂರವಿರುವ ಪ್ರತ್ಯೇಕ ವಂಶವೆಂದು ತೋರಿಸಿದರು. ಜೀವಲೋಕದ ಒಂದು ದೊಡ್ಡ ಶಾಖೆಯೇ ಗದ್ದೆಯ ಕೆಸರಿನಲ್ಲಿ, ದನದ ಹೊಟ್ಟೆಯಲ್ಲಿ ಇದ್ದೂ ನಮ್ಮ ಗಮನಕ್ಕೆ ಬಂದಿರಲಿಲ್ಲ.

ದೇವರಕಾಡಿನ ಮಣ್ಣಿನಲ್ಲಿ ಹೊಸ ಔಷಧಿ ಸಿಗಬಹುದಾ? ಸಿಕ್ಕರೆ ಅದು ಯಾರದ್ದು?

ಸಿಗುವ ಸಾಧ್ಯತೆ ನಿಜವಾಗಿಯೂ ಇದೆ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಸಾಮಾನ್ಯ ತಟ್ಟೆಯ ಮೇಲೆ ಬೆಳೆಯುವವು ಶೇ. 1ರಷ್ಟೂ ಇಲ್ಲ. ಉಳಿದವನ್ನು ಬೆಳೆಸಲು ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ಒಂದು ಪುಟ್ಟ ಸಾಧನವನ್ನು ರೂಪಿಸಿದರು. ಅದರ ಒಂದೊಂದು ರಂಧ್ರದಲ್ಲಿಯೂ ಒಂದೊಂದು ಕೋಶವನ್ನಿಟ್ಟು, ಎರಡೂ ಬದಿಗೆ ತೆಳುಪೊರೆ ಅಂಟಿಸಿ, ಅವು ಬಂದ ಮಣ್ಣಿನಲ್ಲಿಯೇ ಹೂತಿಟ್ಟರು. ತಮ್ಮದೇ ಮಣ್ಣಿನ ಪೋಷಕಾಂಶ ಪೊರೆಯ ಮೂಲಕ ದೊರೆತು ಹಲವು ಹೊಸ ಬ್ಯಾಕ್ಟೀರಿಯಾ ಬೆಳೆದವು. ಅವುಗಳಲ್ಲಿ ಒಂದರಿಂದ ಟೀಕ್ಸೋಬ್ಯಾಕ್ಟಿನ್ ಎಂಬ ಹೊಸ ಆಂಟಿಬಯಾಟಿಕ್ ದೊರೆತ ಸುದ್ದಿ 2015ರಲ್ಲಿ ಪ್ರಕಟವಾಯಿತು. ಆ ಮಣ್ಣು ಒಂದು ಸಾಧಾರಣ ಹುಲ್ಲುಗಾವಲಿನದು. ಕೊಡಗಿನ ಸಾವಿರಕ್ಕೂ ಹೆಚ್ಚು ದೇವರಕಾಡುಗಳಲ್ಲಿ ತಲೆಮಾರುಗಳಿಂದ ಉಳುಮೆ, ರಾಸಾಯನಿಕಗಳ ಸೋಂಕಿಲ್ಲದ ಮಣ್ಣು ಇನ್ನೂ ಉಳಿದಿರುವ ಕಡೆಗಳಲ್ಲಿ ಇಂಥ ಹುಡುಕಾಟಕ್ಕೆ ವಿಶೇಷ ಅರ್ಥವಿದೆ.

ಒಡೆತನದ ಮಾತಿಗೆ ಬಂದರೆ, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸೂಕ್ಷ್ಮಜೀವಿಗಳೂ ಜೈವಿಕ ಸಂಪನ್ಮೂಲಗಳೇ. ವಿದೇಶಿ ವ್ಯಕ್ತಿ ಅಥವಾ ಸಂಸ್ಥೆಯು ಸಂಶೋಧನೆಗಾಗಿ ಅವನ್ನು ಪಡೆಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಲಾಭದಲ್ಲಿ ಸ್ಥಳೀಯರಿಗೆ ಪಾಲು ಕೊಡುವ ವ್ಯವಸ್ಥೆಯೂ ಕಾಯ್ದೆಯಲ್ಲಿದೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ದೇವರಕಾಡಿನಿಂದ ಒಂದು ಚೀಲ ಮಣ್ಣನ್ನು ಕೊಂಡೊಯ್ಯಲು ಯಾರಾದರೂ ಬಂದರೆ ಊರಿನ ಹಿರಿಯರಾದ ತಕ್ಕಮುಖ್ಯಸ್ಥರು ಮತ್ತು ದೇವಸ್ಥಾನ ಸಮಿತಿಯವರು ಮೊದಲು ಕೇಳಬೇಕಾದದ್ದು ಈ ಅನುಮತಿ ಪತ್ರಗಳನ್ನು.